ವಿಸಿಲ್ ಆದ ಮೇಲೆ ಕೆಂಪು ಕಾರ್ಡ್

ನಿಮ್ಮ ಪತ್ರ ಸಿಟ್ಟಿನಲ್ಲಿ ಬರೆದದ್ದು. ಆದರೂ ಅದರ ಒಂದು ಸಾಲಿಗೆ ಇಲ್ಲಿ ಎಲ್ಲರೂ ನಕ್ಕೆವು: “ಆಟವೇ ಮುಗಿದಿದೆ, ಇನ್ನು ಕೆಂಪು ಕಾರ್ಡ್ ತೋರಿಸಿ ಎಲ್ಲಿಂದ ಹೊರಗೆ ಹಾಕುತ್ತಾರೆ?” ಸೋತ ಫುಟ್‌ಬಾಲ್ ಪಂದ್ಯದ ಕೊನೆಯ ವಿಸಿಲ್ ಆದ ಮೇಲೆ ನಿಮ್ಮ ನಾಯಕ ರೆಫ್ರಿಗೆ ಏನೋ ಅಂದರು. ರೆಫ್ರಿ ನಿಮ್ಮ ಗುಂಪಿನ ಬಳಿ ಬಂದು ಕಾರ್ಡ್ ಎತ್ತಿದರು. ಮುಂದಿನ ಪಂದ್ಯಕ್ಕೆ ನಾಯಕನಿಲ್ಲದೆ ಇಳಿದಿರಿ. ಇದು ರೆಫ್ರಿ ತೀರಿಸಿಕೊಂಡ ಸೇಡು ಎನ್ನುತ್ತೀರಿ.

ಎಲ್ಲಿಂದ ಹೊರಗೆ ಹಾಕಿದರು ಎಂಬುದಕ್ಕೆ ಉತ್ತರ ನಿಮ್ಮ ಪತ್ರದಲ್ಲೇ ಇದೆ: ಮುಂದಿನ ಪಂದ್ಯದಿಂದ. ಪಂದ್ಯಕ್ಕೆ ಮುಂಚೆ ಮೈದಾನ ಪರೀಕ್ಷಿಸಲು ಕಾಲಿಟ್ಟ ಗಳಿಗೆಯಿಂದ, ಆಟ ಮುಗಿದು ಮೈದಾನ ಬಿಟ್ಟು ಹೊರಡುವವರೆಗೂ ಶಿಸ್ತು ಕ್ರಮದ ಅಧಿಕಾರ ರೆಫ್ರಿಯದೇ ಎನ್ನುತ್ತದೆ ನಿಯಮಾವಳಿ. ಹಾಗಾಗಿ ಗಡಿಯಾರ ಬಿಡಿ, ರೆಫ್ರಿ ಎಲ್ಲಿ ನಿಂತಿದ್ದರು ನೋಡಿ. ಗೆರೆ ದಾಟಿ ಡ್ರೆಸ್ಸಿಂಗ್ ರೂಮಿನ ದಾರಿ ಹಿಡಿದ ಮೇಲೆ ಬೈದಿದ್ದರೆ ಅವರು ಕಾರ್ಡ್ ತೆಗೆಯುವಂತಿರಲಿಲ್ಲ, ವರದಿಯಲ್ಲಿ ಬರೆಯಬೇಕಿತ್ತು. (ಮಧ್ಯಂತರದಲ್ಲಿ ಹಾಗಲ್ಲ, ಆಗ ಕಾರ್ಡಿನ ಅಧಿಕಾರ ಇದ್ದೇ ಇರುತ್ತದೆ. ಇವೆರಡನ್ನು ಕಲಸಿಕೊಳ್ಳುವವರು ಬಹಳ.)

2006ರ ವಿಶ್ವಕಪ್‌ನಲ್ಲಿ ಅಲ್ಲೇ ಕಾರ್ಡ್, ಇಲ್ಲವೇ ಆಮೇಲೆ ಕ್ರಮ ಎಂಬ ಎರಡೂ ದಾರಿಗಳನ್ನು ಒಂದೇ ಪಂದ್ಯ ತೋರಿಸಿತು. ಬರ್ಲಿನ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಜರ್ಮನಿ ಪೆನಾಲ್ಟಿ ಶೂಟೌಟ್‌ನಲ್ಲಿ ಅರ್ಜೆಂಟೀನಾವನ್ನು ಸೋಲಿಸಿದ್ದೇ ತಡ, ಆಟಗಾರರು ಕೈ ಕೈ ಮಿಲಾಯಿಸಿದರು. ಜರ್ಮನಿಯ ಮೆರ್ಟೆಸಾಕರ್‌ಗೆ ಒದ್ದ ಅರ್ಜೆಂಟೀನಾದ ಕುಫ್ರೆಗೆ ರೆಫ್ರಿ ಲುಬೋಸ್ ಮಿಚೆಲ್ ಅಲ್ಲೇ ಕೆಂಪು ಕಾರ್ಡ್ ತೋರಿಸಿದರು. ಕುಫ್ರೆ ಅಂದು ಬೆಂಚಿನಲ್ಲೇ ಕುಳಿತಿದ್ದ ಬದಲಿ ಆಟಗಾರ, ಒಂದು ನಿಮಿಷವೂ ಆಡಿರಲಿಲ್ಲ. ಜರ್ಮನಿಯ ಫ್ರಿಂಗ್ಸ್ ಕೈಮಾಡಿದ್ದಕ್ಕೆ ಅಲ್ಲಿ ಕಾರ್ಡ್ ಬೀಳಲಿಲ್ಲ. ಟಿವಿ ದೃಶ್ಯಗಳನ್ನು ನೋಡಿ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ, ಫ್ರಿಂಗ್ಸ್‌ರನ್ನು ಸೆಮಿಫೈನಲ್‌ನಿಂದ ಹೊರಗಿಟ್ಟಿತು, ಆ ಸೆಮಿಫೈನಲ್ ಜರ್ಮನಿ ಸೋತಿತು.

ಇತ್ತೀಚಿನದು ಬೇಕಾದರೆ 2025ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಎವರ್ಟನ್–ಲಿವರ್‌ಪೂಲ್ ಕ್ಲಬ್‌ಗಳ ಪಂದ್ಯ. 2-2ರಲ್ಲಿ ಮುಗಿದ ಮೇಲೆ ರೆಫ್ರಿ ಮೈಕಲ್ ಆಲಿವರ್ ಇಬ್ಬರು ಆಟಗಾರರಿಗೂ ಲಿವರ್‌ಪೂಲ್‌ನ ಕೋಚ್ ಆರ್ನೆ ಸ್ಲಾಟ್ ಹಾಗೂ ಅವರ ಸಹಾಯಕನಿಗೂ ಕೆಂಪು ತೋರಿಸಿದರು.

ಇನ್ನು ನೀವು ಕೆದಕಿದ ‘ವಿವೇಚನೆ’, ಅಂದರೆ ಕಾರ್ಡ್ ತೆಗೆಯಬೇಕೋ ಬಿಡಬೇಕೋ ಎಂಬ ರೆಫ್ರಿಯ ತೀರ್ಮಾನ. ಕೈಮಾಡಿದವನ, ಉಗಿದವನ ವಿಷಯದಲ್ಲಿ ಅದಕ್ಕೆ ಜಾಗವಿಲ್ಲ. ಇರುವುದೆಲ್ಲ ಮಾತಿನಲ್ಲಿ. ತೀರ್ಪಿನ ಮೇಲೆ ಗೊಣಗಿದರೆ ಎಚ್ಚರಿಕೆಯ ಹಳದಿ ಕಾರ್ಡ್, ಹೀನಾಯವಾಗಿ ಬೈದರೆ ಕೆಂಪು. ಇವೆರಡರ ನಡುವಿನ ಗೆರೆ ರೆಫ್ರಿಯ ಕಿವಿಯಲ್ಲಿದೆ. ನಿಯಮಗಳು 17, ಹದಿನೆಂಟನೆಯದು ಸಾಮಾನ್ಯ ಜ್ಞಾನ ಎಂಬುದು ರೆಫ್ರಿಗಳ ಹಳೆಯ ಮಾತು. ಸೋತ ಸಂಕಟದಲ್ಲಿ ಜಾರಿದ ಒಂದು ಮಾತು ಕಿವಿಗೇ ಬೀಳಲಿಲ್ಲವೆಂಬಂತೆ ನಡೆದುಬಿಡುವವರಿದ್ದಾರೆ, ನನಗೆ ಅಂಥವರು ಇಷ್ಟ. ಆದರೆ ಅದೇ ಮಾತನ್ನು ಬೆರಳು ತೋರಿಸಿ, ಎರಡೂ ತಂಡದವರಿಗೆ ಕೇಳುವಂತೆ ಮತ್ತೆ ಮತ್ತೆ ಹೇಳಿದರೆ ಪಾಪ ಅವರಾದರೂ ಏನು ಮಾಡಬೇಕು? ಇವತ್ತು ಬಿಟ್ಟರೆ ಮುಂದಿನ ವಾರ ಅದೇ ಮೈದಾನಕ್ಕೆ ಇನ್ನೊಬ್ಬ ರೆಫ್ರಿ ಬಂದು ಅದನ್ನೇ ಕೇಳಬೇಕು.

ನಿಮ್ಮ ಒಂದು ದೂರನ್ನು ಮಾತ್ರ ಒಪ್ಪುತ್ತೇನೆ. ರೆಫ್ರಿ ತಾವಾಗಿ ನಿಮ್ಮ ಗುಂಪಿನ ಕಡೆ ನಡೆದುಬಂದದ್ದನ್ನು ನಿಯಮ ತಡೆಯುವುದಿಲ್ಲ, ಆದರೂ ಜಾಣರು ಹಾಗೆ ಮಾಡುವುದಿಲ್ಲ. ವಿಸಿಲ್ ಆದೊಡನೆ ಸಹಾಯಕ ರೆಫ್ರಿಗಳನ್ನು ಕರೆದುಕೊಂಡು ಹೊರಡುವವರಿಗೆ ಕಾರ್ಡ್ ತೆಗೆಯುವ ಪ್ರಸಂಗವೇ ಕಡಿಮೆ. ದೂರದಿಂದ ಕೇಳಿದ್ದನ್ನು ವರದಿಯಲ್ಲಿ ಬರೆದಿದ್ದರೂ ಶಿಸ್ತು ಸಮಿತಿ ನೋಡಿಕೊಳ್ಳುತ್ತಿತ್ತು. ಆಗಲೂ ನಿಮ್ಮ ನಾಯಕ ಉಳಿಯುತ್ತಿದ್ದರೆಂದು ನನಗೆ ಅನ್ನಿಸುವುದಿಲ್ಲ.

ಕೊನೆಯದಾಗಿ, ನಿಮ್ಮ ಪತ್ರವನ್ನು ಒಂದಕ್ಷರ ಬಿಡದೆ ಪ್ರಕಟಿಸಿ ಎಂದು ಕೇಳಿದ್ದೀರಿ. ನಾಯಕ ಆಡಿದ ಮಾತನ್ನು ನೀವು ಇದ್ದ ಹಾಗೇ ಬರೆದಿದ್ದೀರಿ. ಅದನ್ನು ನಮ್ಮ ಪತ್ರಿಕೆಯಲ್ಲಿ ಅಚ್ಚು ಹಾಕಲು ಬರುವುದಿಲ್ಲ.

– ಸಂಪಾದಕ