ಓದುಗರ ಪ್ರಶ್ನೆ: ಮರಗಟ್ಟಿಸುವ ಚುಚ್ಚುಮದ್ದಿನ ಒಂದು ಡೋಸ್‌ಗೆ ಎಷ್ಟು ಖರ್ಚಾಗುತ್ತದೆ?

ಪ್ರಶ್ನೆ: ಕೈಗೆ ಆದ ಸಣ್ಣ ಗಾಯಕ್ಕೆ ಹೊಲಿಗೆ ಹಾಕಿಸಿಕೊಂಡಾಗ ಬಿಲ್ಲಿನಲ್ಲಿ ‘ಸ್ಥಳೀಯ ಅರಿವಳಿಕೆ’ ಎಂದು ಪ್ರತ್ಯೇಕ ಮೊತ್ತ ಬರೆದಿದ್ದರು. ಲಿಡೋಕೇಯ್ನ್ ಎಂಬ ಮರಗಟ್ಟಿಸುವ ಮದ್ದಿನ ಜನರಿಕ್ ರೂಪದ ಇಡೀ ವಯಲ್ (ಔಷಧದ ಸಣ್ಣ ಸೀಸೆ) ಆ ಮೊತ್ತಕ್ಕಿಂತ ಅಗ್ಗವೆಂದು ಆಮೇಲೆ ತಿಳಿಯಿತು. ಒಂದು ಡೋಸ್‌ನ ನಿಜವಾದ ಖರ್ಚನ್ನು ಅಂದಾಜು ಮಾಡುವುದು ಹೇಗೆ?

ಉತ್ತರ: ಮಾತ್ರೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮಾತ್ರೆಯಾದರೆ ಒಂದು ಡೋಸ್ ಎಂದರೆ ಒಂದು ಮಾತ್ರೆ. ಮರಗಟ್ಟಿಸುವ ಮದ್ದಿನ ಡೋಸ್ ಗಾಯದ ಉದ್ದ, ಜಾಗ ಮತ್ತು ರೋಗಿಯ ತೂಕವನ್ನು ನೋಡಿಕೊಂಡು ಬದಲಾಗುತ್ತದೆ. ಶೇ. 1ರ ದ್ರಾವಣದ ಒಂದು ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ ಔಷಧವಿದ್ದರೆ ಶೇ. 2ರದ್ದರಲ್ಲಿ 20 ಮಿಲಿಗ್ರಾಂ ಇರುತ್ತದೆ. ಅಡ್ರಿನಲಿನ್ (ರಕ್ತನಾಳಗಳನ್ನು ಕುಗ್ಗಿಸುವ ಔಷಧ) ಸೇರಿಸದ ಲಿಡೋಕೇಯ್ನ್‌ಗೆ ಸಾಮಾನ್ಯವಾಗಿ ಹೇಳುವ ಗರಿಷ್ಠ ಮಿತಿ ದೇಹತೂಕದ ಪ್ರತಿ ಕಿಲೋಗ್ರಾಮಿಗೆ 4.5 ಮಿಲಿಗ್ರಾಂ. ಆದರೆ ಅದು ದಾಟಬಾರದ ಗೆರೆಯೇ ಹೊರತು ಬಳಸಬೇಕಾದ ಪ್ರಮಾಣವಲ್ಲ. ಸಣ್ಣ ಗಾಯಕ್ಕೆ ಕೆಲವೇ ಮಿಲಿಲೀಟರ್ ಸಾಕಾಗುತ್ತದೆ.

ಈಗ ಲೆಕ್ಕಕ್ಕೆ ಬರೋಣ. 30 ಮಿಲಿಲೀಟರಿನ ವಯಲ್‌ನ ಬೆಲೆಯನ್ನು 120 ಪಾಲು ಎಂದಿಟ್ಟುಕೊಂಡರೆ ಒಂದು ಮಿಲಿಲೀಟರಿಗೆ 4 ಪಾಲು, 5 ಮಿಲಿಲೀಟರ್ ಬಳಸಿದ ರೋಗಿಗೆ 20 ಪಾಲು. ಬಹುಪಾಲು ಜನರು ಇಲ್ಲಿಗೇ ಲೆಕ್ಕ ಮುಗಿಸುತ್ತಾರೆ, ತಪ್ಪುವುದೂ ಇಲ್ಲಿಯೇ. ಭಾಗಿಸಬೇಕಾದದ್ದು ವಯಲ್‌ನಲ್ಲಿರುವ ಔಷಧದಿಂದಲ್ಲ, ಎಸೆಯುವ ಮುನ್ನ ಅದರಿಂದ ನಿಜವಾಗಿ ಬಳಕೆಯಾದ ಔಷಧದಿಂದ. ಹಲವು ಬಾರಿ ಬಳಸುವ ವಯಲ್‌ಗಳಲ್ಲಿ ಮೀಥೈಲ್‌ಪ್ಯಾರಬೆನ್‌ನಂಥ ಸಂರಕ್ಷಕ, ಅಂದರೆ ರೋಗಾಣು ಬೆಳೆಯದಂತೆ ತಡೆಯುವ ವಸ್ತು, ಇರುತ್ತದೆ. ತಯಾರಕರು ಬೇರೆ ಅವಧಿ ಹೇಳಿರದಿದ್ದರೆ, ಒಮ್ಮೆ ಸೂಜಿ ಚುಚ್ಚಿದ ಮೇಲೆ 28 ದಿನಗಳೊಳಗೆ ಅದನ್ನು ಬಳಸಿ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು ಎಂಬುದು ವ್ಯಾಪಕವಾಗಿ ಪಾಲಿಸುವ ನಿಯಮ. ಆ ಅವಧಿಯಲ್ಲಿ ಮೂವರಿಗೆ ಮಾತ್ರ 5 ಮಿಲಿಲೀಟರಿನಂತೆ ಕೊಟ್ಟ ಸಣ್ಣ ಚಿಕಿತ್ಸಾಲಯದಲ್ಲಿ ಅರ್ಧ ಔಷಧ ಕಸಕ್ಕೆ ಹೋಗುವುದರಿಂದ ಡೋಸ್‌ನ ಬೆಲೆ 20 ಪಾಲಲ್ಲ, 40 ಪಾಲು. ರೋಗಿಗಳ ದಟ್ಟಣೆಯಿರುವ ಕಡೆ ಇದೇ ವಯಲ್ ಒಂದೇ ದಿನದಲ್ಲಿ ಖಾಲಿಯಾಗುತ್ತದೆ, ವ್ಯರ್ಥವಾಗುವುದು ಬಹಳ ಕಡಿಮೆ. ಸಂರಕ್ಷಕವಿಲ್ಲದ, ಒಬ್ಬರಿಗೆಂದೇ ಇರುವ ಆಂಪೂಲ್‌ನಲ್ಲಿಯಂತೂ (ಕತ್ತು ಮುರಿದು ತೆರೆಯುವ ಪುಟ್ಟ ಸೀಸೆ) ಎರಡು ಹನಿ ಬಳಸಿದರೂ ಇಡೀ ಆಂಪೂಲ್‌ನ ಬೆಲೆಯೇ ಡೋಸ್‌ನ ಬೆಲೆ. ದಂತವೈದ್ಯರು ಸಿರಿಂಜಿನೊಳಗೆ ಇಡುವ ಔಷಧದ ಕೊಳವೆಗೂ (ಕಾರ್ಟ್ರಿಡ್ಜ್) ಇದೇ ನಿಯಮ ಅನ್ವಯಿಸುತ್ತದೆ: ಉಳಿದದ್ದನ್ನು ಮತ್ತೊಬ್ಬರಿಗೆ ಚುಚ್ಚುವಂತಿಲ್ಲ.

ಎರಡು ವಯಲ್‌ಗಳ ಬೆಲೆ ಹೋಲಿಸುವಾಗ ಮಿಲಿಗ್ರಾಂ ಲೆಕ್ಕ ಹಿಡಿಯುವುದು ಸರಿಯೆನಿಸಬಹುದು. ಆದರೆ ಗಾಯದ ಸುತ್ತ ಮರಗಟ್ಟಿಸಲು ಸಾಮಾನ್ಯವಾಗಿ ಶೇ. 1ರ ದ್ರಾವಣವೇ ಸಾಕಾಗುವುದರಿಂದ, ಅಲ್ಲಿ ಔಷಧದ ತೂಕಕ್ಕಿಂತ ಎಷ್ಟು ಜಾಗಕ್ಕೆ ದ್ರಾವಣ ಹರಡಬೇಕು ಎಂಬುದು ಮುಖ್ಯ. ಆದ್ದರಿಂದ ಮಿಲಿಲೀಟರಿನ ಲೆಕ್ಕವೇ ವಾಸ್ತವಕ್ಕೆ ಹತ್ತಿರ. ಬುಪಿವಕೇಯ್ನ್‌ನಂಥ, ಹೆಚ್ಚು ಹೊತ್ತು ಮರಗಟ್ಟಿಸುವ ಮದ್ದನ್ನು ಹೋಲಿಸುವಾಗ ಮಾತ್ರ, ಮರಗಟ್ಟಿರುವ ಪ್ರತಿ ಗಂಟೆಗೆ ತಗಲುವ ಖರ್ಚನ್ನು ನೋಡುವುದು ನ್ಯಾಯ.

ಲಿಡೋಕೇಯ್ನ್ ಸ್ವತಃ ಹಳೆಯ ಔಷಧ. ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ಅದನ್ನು ತಯಾರಿಸಿದರು, 1948ರಲ್ಲಿ ಅದು ಮಾರುಕಟ್ಟೆಗೆ ಬಂತು. ಪೇಟೆಂಟ್ ಮುಗಿದು ದಶಕಗಳೇ ಕಳೆದಿರುವುದರಿಂದ ಅನೇಕ ಕಂಪನಿಗಳು ಅದನ್ನು ತಯಾರಿಸುತ್ತವೆ. ಹೀಗಾಗಿ ಔಷಧವನ್ನು ಎಳೆದುಕೊಳ್ಳಲು ಒಂದು ಸೂಜಿ, ಚುಚ್ಚಲು ಇನ್ನೊಂದು ಸಣ್ಣ ಸೂಜಿ, ಸಿರಿಂಜ್, ಕೈಗವಸು, ಚರ್ಮ ಶುಚಿಗೊಳಿಸುವ ದ್ರಾವಣ, ಇವುಗಳ ಒಟ್ಟು ಬೆಲೆ ಒಳಗಿರುವ ಮದ್ದಿನ ಬೆಲೆಯನ್ನು ಮೀರಿದರೆ ಆಶ್ಚರ್ಯಪಡಬೇಕಾಗಿಲ್ಲ. ಅದರ ಮೇಲೆ ಚುಚ್ಚುವವರ ಸಮಯವೂ ಪರಿಣತಿಯೂ ಸೇರುತ್ತದೆ.

ಆದ್ದರಿಂದ ನಿಮ್ಮ ಬಿಲ್ಲಿನ ಆ ಸಾಲನ್ನು ತೋರಿಸಿ, ಅದು ಬರೀ ಔಷಧದ ಬೆಲೆಯೋ ಅಥವಾ ಮರಗಟ್ಟಿಸುವ ಇಡೀ ಕ್ರಿಯೆಯ ಶುಲ್ಕವೋ ಎಂದು ಕೇಳಿ. ಔಷಧದ ಬೆಲೆಯೇ ಎಂದಾದರೆ, ಎಷ್ಟು ಮಿಲಿಲೀಟರ್ ಬಳಸಿದರು, ಅದು ಎಷ್ಟು ಮಿಲಿಲೀಟರಿನ ವಯಲ್, ಉಳಿದದ್ದನ್ನು ಎಸೆದರೋ ಇಟ್ಟುಕೊಂಡರೋ ಎಂಬ ಮೂರು ಮಾಹಿತಿ ಸಿಕ್ಕರೆ ಉಳಿದ ಲೆಕ್ಕವನ್ನು ನೀವೇ ಮಾಡಬಹುದು.