ಚರ್ಚಿಗೆ ಹೋಗುವವರಿಗೂ ದೇವರು ಗೊತ್ತಿಲ್ಲದೆ ಇರಬಹುದೇ?

ಮಂಗಳೂರಿನಲ್ಲಿ ನಿಮ್ಮ ಜೊತೆ ಕೆಲಸ ಮಾಡುವ ಕ್ರೈಸ್ತ ಗೆಳೆಯರು ಮಾತುಮಾತಿಗೆ 'ಆತ್ಮಿಕ ಅಜ್ಞಾನ', ಅಂದರೆ ದೇವರನ್ನು ಅರಿಯದೆ ಇರುವುದು, ಎನ್ನುತ್ತಾರಂತೆ. ಅದು ಕ್ರೈಸ್ತರಲ್ಲದವರನ್ನು ಕುರಿತು ಆಡುವ ಮಾತೇ, ವಾರ ವಾರ ಚರ್ಚಿಗೆ ಹೋದರೆ ದೇವರನ್ನು ತಿಳಿದ ಹಾಗೆ ಆಗುವುದಿಲ್ಲವೇ ಎಂದು ಕೇಳಿದ್ದೀರಿ. ಮೊದಲನೆಯದಕ್ಕೆ ಅಲ್ಲ ಎನ್ನುತ್ತೇನೆ. ಎರಡನೆಯದಕ್ಕೆ, ಅಷ್ಟು ಸಾಲದು.

ನಾನು ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಎಂಬ ಪ್ರೊಟೆಸ್ಟೆಂಟ್ ಸಭೆಯವನು. 1834ರಲ್ಲಿ ಬಾಸೆಲ್ ಮಿಶನ್ ಎಂಬ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಮಂಗಳೂರಿಗೆ ಬಂದಮೇಲೆ ಕ್ರೈಸ್ತರಾದ ತುಳು ಕುಟುಂಬ ನಮ್ಮದು. ಅಜ್ಜ ಜೆಪ್ಪುವಿನ ಹಂಚಿನ ಕಾರ್ಖಾನೆಯಲ್ಲಿ ದುಡಿದವರು. ಮನೆಯಲ್ಲಿ ತುಳು, ಆರಾಧನೆಗೆ ಕನ್ನಡ. 'ಅಜ್ಞಾನ', 'ಕತ್ತಲೆ' ಎಂಬ ಮಾತುಗಳು ಚಿಕ್ಕಂದಿನಿಂದ ಕಿವಿಗೆ ಬಿದ್ದಿವೆ, ಬಹುಪಾಲು ಪಕ್ಕದ ಮನೆಯವರ ವಿಷಯದಲ್ಲಿ. ಹಾಗೆ ಆಡುವುದು ಸರಿಯಲ್ಲ ಎಂದು ಈಗ ನನಗೆ ಖಂಡಿತ ಅನಿಸಿದೆ. ಕಾರಣ ಬೈಬಲಿನಲ್ಲೇ ಇದೆ.

ಈ ಅಜ್ಞಾನದ ಮಾತು ಅತಿ ಕಟುವಾಗಿ ಬರುವುದು ಬೈಬಲಿನ ಹಳೆಯ ಒಡಂಬಡಿಕೆಯ ಪ್ರವಾದಿ ಹೋಶೇಯನ ಬಾಯಲ್ಲಿ. ಕ್ರಿ.ಪೂ. 8ನೇ ಶತಮಾನ. ತನ್ನ ಜನ ಅರಿವಿಲ್ಲದೆ ಹಾಳಾಗುತ್ತಿದ್ದಾರೆ ಎಂದು ದೇವರು ಸಂಕಟಪಡುವುದು 4ನೇ ಅಧ್ಯಾಯದ 6ನೇ ವಚನದಲ್ಲಿ. ಯಾರ ಜನ? 'ನನ್ನ ಜನ', ಎಂದರೆ ಆತನನ್ನೇ ಆರಾಧಿಸುತ್ತಿದ್ದ ಇಸ್ರಾಯೇಲ್ಯರು. ಹೊರಗಿನವರಲ್ಲ. ಬೈಗುಳ ಬೀಳುವುದು ಯಾಜಕರ ಮೇಲೆ: ಅರಿವನ್ನು ತಳ್ಳಿಬಿಟ್ಟವರು ನೀವೇ ಎಂದು. ಬಲಿ, ಹಬ್ಬ, ಧೂಪ ಯಾವುದಕ್ಕೂ ಆಗ ಕೊರತೆ ಇರಲಿಲ್ಲ. ಇಲ್ಲದ್ದು ಸತ್ಯ, ಕರುಣೆ, ದೇವರ ಅರಿವು; ಇದ್ದದ್ದು ಸುಳ್ಳು, ಕೊಲೆ, ಕಳವು, ಹಾದರ. ಓದುಬರಹ ಬಾರದ ಅಜ್ಞಾನ ಇದಲ್ಲ ಎಂಬುದು ಅಲ್ಲಿಯೇ ತಿಳಿಯುತ್ತದೆ.

ಹೀಬ್ರೂವಿನಲ್ಲಿ 'ಯಾದಾ' ಎಂಬ ಕ್ರಿಯಾಪದ. ಆದಾಮ ಹವ್ವಳನ್ನು ಕೂಡಿದ ಎನ್ನುವಲ್ಲಿಯೂ ಅದೇ ಪದ. ಅಂದರೆ ಅದು ವಿಷಯ ತಿಳಿಯುವುದಲ್ಲ, ಬಾಳುವೆ ಮಾಡಿ ತಿಳಿಯುವುದು. ನಮ್ಮಲ್ಲಿ ಸಂಬಂಧ ಕುದುರಿಸುವಾಗ ಹುಡುಗನ ಓದು, ಸಂಬಳ, ಮನೆತನ ಎಲ್ಲಾ ವಿಚಾರಿಸಿರುತ್ತೇವೆ. ಆತ ಎಂಥವನೆಂದು ಹುಡುಗಿಗೆ ಗೊತ್ತಾಗುವುದು ಜೊತೆಗೆ ಬದುಕಿದ ಮೇಲೆಯೇ. ಹೋಶೇಯ ತನ್ನ ಸಂಸಾರದ ನೋವನ್ನೇ, ಹೆಂಡತಿ ದ್ರೋಹ ಮಾಡಿದ್ದನ್ನೇ, ಮುಂದಿಟ್ಟು ಮಾತಾಡಿದ್ದು ಸುಮ್ಮನೆ ಅಲ್ಲ. ನಿತ್ಯಜೀವ ಎಂದರೇನು ಎನ್ನುವುದಕ್ಕೆ ಯೋಹಾನನ ಸುವಾರ್ತೆ 17:3ರಲ್ಲಿ ಯೇಸು ಕೊಡುವ ಅರ್ಥವೂ ಇದೇ: ಒಬ್ಬನೇ ಸತ್ಯದೇವರನ್ನೂ, ಆತನು ಕಳುಹಿಸಿದ ಕ್ರಿಸ್ತನನ್ನೂ ತಿಳಿಯುವುದು. ಸತ್ತಮೇಲೆ ಸಿಗುವ ಬಹುಮಾನ ಎಂದು ಅಲ್ಲಿ ಹೇಳಿಲ್ಲ.

ಇಷ್ಟನ್ನೂ ನಾನು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲೇ ಬಾಯಿಪಾಠ ಒಪ್ಪಿಸುತ್ತಿದ್ದೆ. ಸಂಡೇ ಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದೆ, ವಚನ ಸ್ಪರ್ಧೆಯ ಬಹುಮಾನಗಳು ಮನೆಯ ಶೋಕೇಸಿನಲ್ಲಿದ್ದವು. ವಾರದ ಉಳಿದ ದಿನ ನೇತ್ರಾವತಿಯ ಆಚೆ ಒಂದು ಬೀಡಿ ಬ್ರಾಂಚಿನಲ್ಲಿ ಚೆಕ್ಕರ್ ಕೆಲಸ. ಹೆಂಗಸರು ಪ್ಲಾಸ್ಟಿಕ್ ವಯರಿನ ಬುಟ್ಟಿಯಲ್ಲಿ ಬೀಡಿ ತರುತ್ತಿದ್ದರು. ಸಾವಿರ ಬೀಡಿಗೆ 25ರ 40 ಕಟ್ಟು. ನಾನು ಒಂದೊಂದನ್ನೇ ಎತ್ತಿ ಬಾಯಿ ಮಡಚಿದ್ದು ನೋಡಬೇಕು, ಹೆಬ್ಬೆರಳಲ್ಲಿ ಒತ್ತಬೇಕು. ಒಂದೆರಡು ಸಡಿಲ ಕಂಡರೆ ಇಡೀ ಕಟ್ಟನ್ನೇ ಬದಿಗೆ ಎಸೆಯಬೇಕು. ಅದಕ್ಕೆ ಮಜೂರಿ ಇಲ್ಲ. ಎಸೆದ ಕಟ್ಟನ್ನು ಆ ಹೆಂಗಸಿಗೆ ವಾಪಸು ಕೊಡುವುದೂ ಇಲ್ಲ, ಸಂಜೆ ಅದೂ ಒಳ್ಳೆಯದರ ಜೊತೆಗೇ ಗೋಣಿಗೆ ಬೀಳುತ್ತಿತ್ತು. ದಿನಕ್ಕೆ ಇಂತಿಷ್ಟು ಕಟ್ಟು ಬದಿಗೆ ಬೀಳಲೇಬೇಕೆಂದು ಕಂತ್ರಾಟುದಾರರು ನನಗೆ ಹೇಳಿಟ್ಟಿದ್ದರು. ನಾನು ಬೀಳಿಸುತ್ತಿದ್ದೆ. ಅದು ಕಳವು ಎಂದು ಒಮ್ಮೆಯೂ ಹೊಳೆದಿರಲಿಲ್ಲ.

ಒಂದು ಶನಿವಾರ ರಾತ್ರಿ ಮರುದಿನದ ಪಾಠಕ್ಕಾಗಿ ಪ್ರವಾದಿ ಯೆರೆಮೀಯನ ಪುಸ್ತಕದ 22ನೇ ಅಧ್ಯಾಯ ತೆಗೆದೆ. ಯೆಹೋಯಾಕೀಮ ಎಂಬ ಅರಸು ದೇವದಾರಿನ ಅರಮನೆ ಕಟ್ಟಿಸಿ ಕೆಂಪು ಬಣ್ಣ ಹಚ್ಚಿಸುತ್ತಾನೆ, ದುಡಿದವರಿಗೆ ಕೂಲಿ ಕೊಡುವುದಿಲ್ಲ. ಪ್ರವಾದಿ ಅವನ ತಂದೆ ಯೋಷೀಯನನ್ನು ನೆನಪಿಸುತ್ತಾನೆ: ನಿನ್ನ ತಂದೆಯೂ ಉಂಡ, ಕುಡಿದ, ಆದರೆ ಬಡವರಿಗೆ ನ್ಯಾಯ ದೊರಕಿಸಿದ, 'ನನ್ನನ್ನು ತಿಳಿಯುವುದೆಂದರೆ ಅದೇ ಅಲ್ಲವೇ?' ಎಂದು ದೇವರು ಕೇಳುತ್ತಾನೆ. 16ನೇ ವಚನ. ಅದರ ಕೆಳಗೆ ಮಕ್ಕಳಿಗೆ ಕೇಳಲಿಕ್ಕೆಂದು ನಾನು ಪೆನ್ಸಿಲಿನಲ್ಲಿ ಬರೆದಿದ್ದೆ: ಯೋಷೀಯನಿಗೆ ದೇವರು ಗೊತ್ತಿತ್ತೆಂದು ಹೇಗೆ ಹೇಳುತ್ತೀರಿ? ಬರೆದ ಕೈಯ ಹೆಬ್ಬೆರಳಿಗೆ ಹೊಗೆಸೊಪ್ಪಿನ ವಾಸನೆ ಇತ್ತು. ಆ ರಾತ್ರಿ ನಿದ್ದೆ ಹತ್ತಲಿಲ್ಲ.

ಮರುದಿನವೇ ಕೆಲಸ ಬಿಟ್ಟೆ ಎಂದು ಬರೆಯಲು ಆಸೆ, ಆದರೆ ಬಿಡಲಿಲ್ಲ. ಮನೆಗೆ ನನ್ನ ಸಂಬಳ ಬೇಕಿತ್ತು. ಕಂತ್ರಾಟುದಾರರಿಗೆ ಹೇಳಿ ನೋಡಿದೆ, ಅವರು ಕೇಳಲಿಲ್ಲ. ಮತ್ತೆ ಎಂಟು ತಿಂಗಳು ಅಲ್ಲೇ ಇದ್ದೆ, ಎಸೆಯುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಎಫೆಸದವರಿಗೆ ಬರೆದ ಪತ್ರದ 4:18ರಲ್ಲಿ ಯೇಸುವಿನ ಅಪೊಸ್ತಲ ಪೌಲ ಅಜ್ಞಾನವನ್ನೂ ಹೃದಯ ಕಲ್ಲಾಗುವುದನ್ನೂ ಒಟ್ಟಿಗೆ ಹೇಳುತ್ತಾನಲ್ಲ, ಆ ಎಂಟು ತಿಂಗಳು ಅದೇ. ಗೊತ್ತಿಲ್ಲದೆ ಮಾಡಿದ್ದಕ್ಕಿಂತ ಗೊತ್ತಾದಮೇಲೆ ಮಾಡಿದ್ದು ನನ್ನನ್ನು ಹೆಚ್ಚು ಸುಟ್ಟಿದೆ.

ಬೇರೆ ಕೆಲಸ ಸಿಕ್ಕಿದ ಮೇಲೆ, ನೆನಪಿದ್ದ ಕೆಲವರ ಮನೆಗೆ ಹೋದೆ. ಒಬ್ಬರು ಅಕ್ಕ ಜಗಲಿಯಲ್ಲಿ ಗೆರಸೆ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಕುಳಿತುಕೊಳ್ಳಲು ಹೇಳಿ, ಚಾ ಕೊಟ್ಟರು. "ಅಕ್ಕ, ನಿಮ್ಮ ಹನ್ನೊಂದು ಕಟ್ಟು ನಾನು ಸುಮ್ಮನೆ ಎಸೆದಿದ್ದೆ, ಅದರ ದುಡ್ಡು ತಂದಿದ್ದೇನೆ" ಎಂದೆ. ಅವರು ಎದ್ದು ಒಳಗೆ ಹೋಗಿ, ಮಗಳ ಹಳೆಯ ಶಾಲೆ ಪುಸ್ತಕ ತಂದರು. ಹಿಂದಿನ ಹಾಳೆಯಲ್ಲಿ ತಾರೀಕಿನ ಎದುರು ಗೀಟುಗಳು. ಎಣಿಸಿದರು. "ಹನ್ನೊಂದಲ್ಲ ಅಣ್ಣ, ಹದಿನಾಲ್ಕು. ನಿಮಗೆ ಗೊತ್ತಿರಲಿಕ್ಕಿಲ್ಲ, ನನಗೆ ಗೊತ್ತುಂಟು." ಉಳಿದ ಮೂರರದ್ದೂ ಕೊಟ್ಟೆ. ಪುಸ್ತಕದಲ್ಲಿ ಆ ಗೀಟುಗಳ ಮೇಲೆ ಅಡ್ಡಗೆರೆ ಎಳೆದು, ಮತ್ತೆ ಗೆರಸೆಯ ಮುಂದೆ ಕುಳಿತರು. ಅವರು ಯಾವ ಚರ್ಚಿಗೂ ಹೋಗುವವರಲ್ಲ.

ಇದನ್ನು ಕೇಳಿ ಕ್ರಿಸ್ತನನ್ನು ತಿಳಿಯುವ ಅಗತ್ಯವೇ ಇಲ್ಲ, ಒಳ್ಳೆಯತನ ಸಾಕು ಎಂದು ನಾನು ಹೇಳುತ್ತಿದ್ದೇನೆಂದು ಭಾವಿಸಬೇಡಿ. ಹಾಗಲ್ಲ. ಯೇಸುವಿನಲ್ಲಿ ದೇವರು ತನ್ನ ಮುಖ ತೋರಿಸಿದ್ದಾನೆಂದು ನಂಬಿದವನು ನಾನು. ಆ ಮುಖ ನೋಡಿದ್ದರಿಂದಲೇ ಅಕ್ಕನ ಜಗಲಿಯವರೆಗೆ ನಡೆಯುವ ಧೈರ್ಯ ಬಂತು, ಕ್ಷಮೆ ಇದೆ ಎಂಬ ನಂಬಿಕೆ ಇಲ್ಲದಿದ್ದರೆ ತಪ್ಪನ್ನು ಮುಚ್ಚಿಟ್ಟುಕೊಂಡೇ ಇರುತ್ತಿದ್ದೆ. ಪೌಲ ಗ್ರೀಸಿನ ಅಥೇನೆಯಲ್ಲಿ (ಅಥೆನ್ಸ್) 'ತಿಳಿಯದ ದೇವರಿಗೆ' ಎಂದು ಬರೆದ ಬಲಿಪೀಠ ಕಂಡಾಗ ಅಲ್ಲಿಯವರನ್ನು ಹೀಯಾಳಿಸಲಿಲ್ಲ. ನೀವು ತಿಳಿಯದೆ ಪೂಜಿಸುವವನನ್ನೇ ತಿಳಿಸುತ್ತೇನೆ ಎಂದ, ಅವರ ಕವಿಗಳ ಮಾತನ್ನೇ ಎತ್ತಿ ಹೇಳಿದ. ನಿಮ್ಮ ಗೆಳೆಯರೂ ಆ ದನಿಯಲ್ಲಿ ಮಾತಾಡಿದರೆ ಕೇಳಿಸಿಕೊಳ್ಳಿ.

ಓದಬೇಕೆಂದಿದ್ದರೆ ಹೋಶೇಯದಿಂದ ಶುರುಮಾಡಿ, 14 ಅಧ್ಯಾಯ, ಎರಡು ಸಂಜೆಗೆ ಮುಗಿಯುತ್ತದೆ. ಆಮೇಲೆ ಯೋಹಾನನ ಸುವಾರ್ತೆ. ಯೆರೆಮೀಯ 22ನ್ನು ಗೆಳೆಯರ ಜೊತೆ ಕುಳಿತು ಓದಿ.