ಫೆರ್ನಾಂಡಾ ಮಾಂಟೆನೆಗ್ರೊ: ಮೊದಲು ಯಾವುದನ್ನು ನೋಡಬೇಕು?

ಮಗಳು ಫೆರ್ನಾಂಡಾ ಟೊರೆಸ್‌ ನಟನೆ ನೋಡಿ ಮೆಚ್ಚಿದ ನೀವು, ತಾಯಿ, ಬ್ರೆಜಿಲ್ ನಟಿ ಮಾಂಟೆನೆಗ್ರೊ ಅವರ ಯಾವ ಸಿನಿಮಾದಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಎರಡು ಮಾತಿಲ್ಲ, 1998ರ 'ಸೆಂಟ್ರಲ್ ಡೊ ಬ್ರಜಿಲ್'. ರಿಯೊ ರೈಲು ನಿಲ್ದಾಣದಲ್ಲಿ ಓದುಬರಹ ಬಾರದವರಿಗೆ ದುಡ್ಡು ತಗೊಂಡು ಕಾಗದ ಬರೆದುಕೊಡುವ ನಿವೃತ್ತ ಟೀಚರ್ ಡೋರಾ ಪಾತ್ರ. ಬರೆದ ಎಷ್ಟೋ ಕಾಗದಗಳನ್ನು ಅಂಚೆಗೇ ಹಾಕದ ಹೆಂಗಸು, ಕೊನೆಗೆ ಬಸ್ಸಿನಲ್ಲಿ ಕೂತು ತನ್ನದೇ ಒಂದು ಕಾಗದ ಬರೆಯುತ್ತಾಳೆ. ಆಗ ಆ ಮುಖದಲ್ಲಿ ಅಳುವೂ ನಗುವೂ ಒಟ್ಟಿಗೇ ಬರುತ್ತವೆ, ನನಗಂತೂ ಗಂಟಲು ಕಟ್ಟಿತು. ಬರ್ಲಿನ್ ಉತ್ಸವದ ಅತ್ಯುತ್ತಮ ನಟಿ ಪ್ರಶಸ್ತಿ, ಆಸ್ಕರ್ ನಾಮನಿರ್ದೇಶನ ಎರಡೂ ಈ ಪಾತ್ರಕ್ಕೇ ಬಂದವು. ಆ ಹೊತ್ತಿಗೆ ರಂಗಭೂಮಿಯಲ್ಲಿ ಅವರದು ಹೆಚ್ಚುಕಡಿಮೆ ಅರ್ಧ ಶತಮಾನದ ದುಡಿಮೆ.

ಆಮೇಲೆ ಮಗಳ 2024ರ ಸಿನಿಮಾ 'ಐ ಆ್ಯಮ್ ಸ್ಟಿಲ್ ಹಿಯರ್'ನ ಕೊನೆಯ ಭಾಗ ಮತ್ತೆ ನೋಡಿ. ಮಗಳು ಮಾಡಿದ ಯೂನಿಸ್ ಪಾತ್ರ ಮುಪ್ಪಾದಾಗ, ಮರೆವಿನ ಕಾಯಿಲೆಯ ಮುದುಕಿಯಾಗಿ ಕಾಣುವುದು ತಾಯಿಯೇ. ಮಾತೇ ಇಲ್ಲ, ಟಿವಿಯಲ್ಲಿ ಗಂಡನ ಚಿತ್ರ ಕಂಡಾಗ ಕಣ್ಣು ಮಾತ್ರ ಬದಲಾಗುತ್ತದೆ.